ಗುರ್ ಅಂದಾಗ ಹೊಡೆದೆ, ಈಗ ಗುರ್ ಅನ್ನದೇ ಬಾಯಿ ಹಾಕುತ್ತಿದೆ

ತೋಟದಮನೆ, ಶಿರಸಿ

ನಮ್ಮ ಕಾಳುವಿಗೆ ಒಂದೂವರೆ ವರ್ಷ. ಊರುನಾಯಿ ಮರಿ, ಎರಡು ತಿಂಗಳಿದ್ದಾಗ ತಂದದ್ದು. ಮಂಗ ಓಡಿಸುವುದರಲ್ಲಿ ಗಟ್ಟಿ. ತೊಂದರೆ ಶುರುವಾದದ್ದು ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಹಗ್ಗ ಹಿಡಿದು ಅಂಗಳಕ್ಕೆ ಬಂದರೆ ಸಾಕು, ಗುರ್ ಅನ್ನುತ್ತಿತ್ತು. 'ನಾಯಿ ಗುಂಪಿನ ಪ್ರಾಣಿ, ನೀನೇ ಯಜಮಾನ ಅಂತ ತೋರಿಸಬೇಕು' ಎಂದು ಪರಿಚಯದವರೊಬ್ಬರು ಹೇಳಿದರು. ಗುರ್ ಅಂದಾಗಲೆಲ್ಲ ಕುತ್ತಿಗೆ ಹಿಡಿದು ನೆಲಕ್ಕೆ ಒತ್ತಿದೆ. ಪೆಟ್ಟೂ ಕೊಟ್ಟೆ. ಗುರ್ ಅನ್ನುವುದು ನಿಂತಿತು, ಸರಿಹೋಯ್ತು ಅಂದುಕೊಂಡೆ.

ಮೊನ್ನೆ ರಾತ್ರಿ ಅಡಿಕೆ ಸುಲಿಯಲು ಬಂದವರೊಬ್ಬರು ಮೆಟ್ಟುಕತ್ತಿ ಎತ್ತಿಕೊಂಡು ಅದರ ಪಕ್ಕದಲ್ಲೇ ಹಾದುಹೋದರು. ಸದ್ದಿಲ್ಲದೆ ಎದ್ದು ಪಂಚೆಗೆ ಬಾಯಿ ಹಾಕಿತು. ಪುಣ್ಯಕ್ಕೆ ಹಲ್ಲು ತಾಗಲಿಲ್ಲ. ಈಗ ಕಟ್ಟಿಹಾಕಿದ್ದೇನೆ. ನನ್ನ ಕಂಡರೆ ಬಾಲ ಮುದುರುತ್ತದೆ. ನೋಡೋಕೆ ಆಗ್ತಿಲ್ಲ. ಏನು ಮಾಡಲಿ?

ಕೋಡಿಬಾಗದ ಅಕ್ಕ, ಕಾರವಾರ

ಮೊದಲು ಹೊಡೆಯುವುದನ್ನು, ಒತ್ತುವುದನ್ನು ನಿಲ್ಲಿಸಿ. 'ಹೆದರಿಕೆ ಆಗ್ತಿದೆ, ದೂರ ಇರು' ಅಂತ ಕಾಳು ಇಷ್ಟು ದಿನ ಹೇಳುತ್ತಿತ್ತು. ಹೇಳಿದರೆ ಪೆಟ್ಟು ಬೀಳುತ್ತದೆ ಅಂತ ಕಲಿತು ಹೇಳುವುದನ್ನು ಬಿಟ್ಟಿದೆ. ಹೆದರಿಕೆ ಹಾಗೇ ಇದೆ.

ಈ ಯಜಮಾನನ ಕಥೆ ಎಲ್ಲಿಂದ ಬಂತು ಗೊತ್ತಾ? 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ, ಗುಂಪಿನಲ್ಲಿ ಮೇಲುಗೈಗಾಗಿ ತೋಳಗಳು ಪೈಪೋಟಿ ನಡೆಸುತ್ತವೆ ಅಂತ ಬರೆದರು. ಬೇಲಿಯೊಳಗೆ ಕೂಡಿಹಾಕಿದ ತೋಳಗಳು. ಜಗಳವಾದರೆ ಬಿಟ್ಟು ಹೋಗಲು ಜಾಗವೇ ಇಲ್ಲ. 1970ರಲ್ಲಿ ಅಮೆರಿಕದ ತೋಳ ಸಂಶೋಧಕ ಡೇವಿಡ್ ಮೆಕ್ ತಮ್ಮ ತೋಳದ ಪುಸ್ತಕದಲ್ಲಿ ಅದನ್ನೇ ಹೇಳಿದರು. ಆಮೇಲೆ ಅವರೇ ಕೆನಡಾದ ಎಲ್ಸ್ಮಿಯರ್ ದ್ವೀಪದಲ್ಲಿ ಕಾಡು ತೋಳಗಳನ್ನು ಎಷ್ಟೋ ಬೇಸಿಗೆ ಹತ್ತಿರದಿಂದ ನೋಡಿದರು. ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ ಅಂತ 1999ರಲ್ಲಿ ಬರೆದರು. ಹೋಗಲಿ, ನಾಯಿ ತೋಳವೂ ಅಲ್ಲ.

ನಾನು ಎಂಟು ವರ್ಷದಿಂದ ಇಲ್ಲಿನ ಕಡಲತೀರದ ನಾಯಿಗಳಿಗೆ ಅನ್ನ ಹಾಕುತ್ತಿದ್ದೇನೆ. ಕಿವಿ ಹರಿದ ಒಂದು ಮುದಿ ಹೆಣ್ಣುನಾಯಿ ಇದೆ. ಬಲೆ ಎಳೆದು ಮುಗಿದ ಮೇಲೆ ಉಳಿದ ಮೀನಿನ ಹತ್ತಿರ ಅದು ನಿಂತರೆ, ಎಳೆಯವು ನೇರ ಬರುವುದಿಲ್ಲ. ಸುತ್ತು ಹಾಕಿ ಬರುತ್ತವೆ. ಮುಖ ತಿರುಗಿಸುತ್ತವೆ, ಮೂಗು ನೆಕ್ಕುತ್ತವೆ, ಸುಮ್ನೆ ಮರಳು ಮೂಸುತ್ತವೆ. ಮುದಿಯದು ಒಮ್ಮೆ ಬಿಗಿಯಾಗಿ ನಿಂತು ನೋಡುತ್ತದೆ, ಅಷ್ಟೇ. ಒಬ್ಬರನ್ನೊಬ್ಬರು ನೆಲಕ್ಕೆ ಒತ್ತಿ ಹಿಡಿದದ್ದನ್ನು ನಾನು ಕಂಡೇ ಇಲ್ಲ.

ಕಾಳುವಿನಲ್ಲೂ ಇದನ್ನೇ ಹುಡುಕಿ. ನಿದ್ದೆ ಇಲ್ಲದ ಹೊತ್ತಲ್ಲಿ ಆಕಳಿಕೆ, ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಮೈ ಸೆಟೆದು ನಿಲ್ಲುವುದು. ಬಾಲ ಆಡಿಸಿದರೆ ಖುಷಿ ಅಂತ ನಂಬಬೇಡಿ. ಬಾಲ ಮೇಲೆತ್ತಿ ಬಿಗಿಯಾಗಿ ಆಡಿಸಿದರೆ ಹುಷಾರು.

ಅದರ ಕಡೆಯಿಂದ ಯೋಚಿಸಿ, ಮರದ ತುದಿಯಿಂದ ಹಗ್ಗದಲ್ಲಿ ಮನುಷ್ಯ ಇಳಿಯುವುದು ಸಣ್ಣ ವಿಷಯವಾ? ಗೌಡರಿಗೆ ದೂರ ನಿಲ್ಲಲು ಹೇಳಿ. ಅವರು ಕಂಡಾಗ ಇಷ್ಟದ ತಿಂಡಿ ಚೂರು ಚೂರಾಗಿ ಕೊಡಿ. ಮರೆಯಾದರೆ ತಿಂಡಿ ನಿಲ್ಲಿಸಿ. ತಿನ್ನದಿದ್ದರೆ ಹತ್ತಿರ ಜಾಸ್ತಿ ಆಯ್ತು ಅಂತ ಲೆಕ್ಕ, ಹಿಂದೆ ಸರಿಯಿರಿ. ದಿನಕ್ಕೆ ಐದು ನಿಮಿಷ ಸಾಕು. ಸುಲಿಯುವ ರಾತ್ರಿ ಮಾತ್ರ ಅಂಗಳದಲ್ಲಿ ಬಿಡಬೇಡಿ, ಒಳಗೆ ಮಲಗಿಸಿ.

ಕುಮಟಾದವ

ಅಕ್ಕ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ನೋವಿದ್ದರೂ ನಾಯಿ ಹೀಗೆ ಆಡುತ್ತದೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಇದೆಯಾ ನೋಡಿ, ಪಶುವೈದ್ಯರಿಗೂ ತೋರಿಸಿ. ರೇಬಿಸ್ ಚುಚ್ಚುಮದ್ದು ಆಗಿದೆ ತಾನೆ? ಮುಂದೆ ಯಾರಿಗಾದರೂ ಹಲ್ಲು ತಾಗಿದರೆ, ಗೀರಾದರೂ ಸರಿ, ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತೋಟದಮನೆ, ಶಿರಸಿ

ಹನ್ನೆರಡು ದಿನ ಆಯ್ತು. ಚುಚ್ಚುಮದ್ದು ಆಗಿದೆ. ಎಡಗಿವಿಯೊಳಗೆ ಮೂರು ಉಣುಗು ಸಿಕ್ಕಿತು, ಔಷಧ ನಡೀತಿದೆ. ನಮ್ಮಲ್ಲಿ ಮೀನು ಮಾಂಸ ಇಲ್ಲ, ದೋಸೆ ಚೂರು ಕೊಡುತ್ತಿದ್ದೇನೆ. ಮೊದಲ ಮೂರು ದಿನ ನನ್ನ ಕೈಯಿಂದ ತಿನ್ನಲೇ ಇಲ್ಲ, ನೆಲಕ್ಕೆ ಹಾಕಿ ದೂರ ಹೋಗಬೇಕಿತ್ತು. ಈಗ ಕೈಯಿಂದ ತಗೊಳ್ಳುತ್ತದೆ. ಗೌಡರು ಕೊಟ್ಟಿಗೆಯ ಹತ್ತಿರ ನಿಂತರೆ ಒಮ್ಮೆ ನೋಡಿ ನನ್ನ ಕಡೆ ತಿರುಗುತ್ತದೆ.

ನಿನ್ನೆ ಅವರು ಮರೆತು ಹಗ್ಗ ಹಿಡಿದೇ ಹತ್ತಿರ ಬಂದುಬಿಟ್ಟರು. ಕಾಳು ಗುರ್ ಅಂದಿತು. ಎಷ್ಟು ದಿನದ ಮೇಲೆ ಆ ಸದ್ದು ಕೇಳಿದ್ದು! ಗೌಡರಿಗೆ ಅಲ್ಲೇ ನಿಲ್ಲಲು ಹೇಳಿ, ಅದನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಬಂತು, ನನ್ನ ಜೊತೆಗೇ ಬಂತು.