ಆ್ಯಶ್ ಮರದ ಬೀಜ ಮೊಳೆಯಲಿಲ್ಲ, ಎಲ್ಲಿ ತಪ್ಪಾಯಿತು?

ತುಂಗೆಯ ದಡ:
ನಾವಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಹಿತ್ತಲಲ್ಲಿ ಒಂದು ಬಿಳಿ ಆ್ಯಶ್ ಮರ ಇದೆ. ನಮ್ಮ ಬೀದಿಯಲ್ಲಿ ಉಳಿದಿರುವುದು ಅದೊಂದೇ. ಮಿಕ್ಕವನ್ನೆಲ್ಲ ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ಹುಳ ತಿಂದು ಮುಗಿಸಿತು. ಇದಕ್ಕೆ ಎರಡು ವರ್ಷಕ್ಕೊಮ್ಮೆ ಕಾಂಡಕ್ಕೆ ಔಷಧಿ ಚುಚ್ಚಿಸುತ್ತೇವೆ. ಆದರೂ ಮೇಲಿನ ಕೊಂಬೆಗಳು ಒಣಗುತ್ತಿವೆ. ನನ್ನ ಮಗ ಹೆಜ್ಜೆ ಇಡಲು ಕಲಿತದ್ದು ಈ ಮರದ ಕೆಳಗೆ. ಅದು ಹೋಗುವ ಮೊದಲು ಅದರದೇ ಒಂದು ಸಸಿ ಮಾಡಬೇಕು ಅಂತ ಆಸೆ.

ಹೋದ ಅಕ್ಟೋಬರ್‌ನಲ್ಲಿ ಬೀಜ ಆರಿಸಿ ಅಡುಗೆಮನೆಯ ಡಬ್ಬಿಯಲ್ಲಿ ಇಟ್ಟಿದ್ದೆ. ತೀರ್ಥಹಳ್ಳಿಯಲ್ಲಿ ಅಪ್ಪ ಹೊನ್ನೆ ಬೀಜಕ್ಕೆ ಮಾಡುತ್ತಿದ್ದ ಹಾಗೆ ರೆಕ್ಕೆ ಕತ್ತರಿಸಿ, ರಾತ್ರಿಯಿಡೀ ನೀರಲ್ಲಿ ನೆನೆಸಿ, ಏಪ್ರಿಲ್‌ನಲ್ಲಿ ಕುಂಡಕ್ಕೆ ಹಾಕಿದೆ. 40 ಬೀಜದಲ್ಲಿ ಒಂದೂ ಏಳಲಿಲ್ಲ. ಈ ವರ್ಷವೂ ಗೊಂಚಲು ಗೊಂಚಲಾಗಿ ಬಿಟ್ಟಿದೆ. ಬೆಳೆಸಿದವರು ಯಾರಾದರೂ ಇದ್ದೀರಾ?

ಹಿತ್ತಲ ತೋಟ:
ಅಕ್ಕಾ, ನಿಮ್ಮ ಬೀಜಕ್ಕೆ ಚಳಿಗಾಲವೇ ಸಿಕ್ಕಿಲ್ಲ. ಹೊನ್ನೆಗೆ ನೀರು ಸಿಕ್ಕರೆ ಸಾಕು. ಆ್ಯಶ್ ಬೀಜ ತೇವದಲ್ಲಿ, ತಣ್ಣಗೆ ಎರಡು ಮೂರು ತಿಂಗಳಾದರೂ ಮಲಗಿರಬೇಕು. ಡಬ್ಬಿಯಲ್ಲಿ ಅದು ಬೆಚ್ಚಗೆ, ಒಣಗಿಕೊಂಡು ಕೂತಿತ್ತು ಅಲ್ವಾ?

ಮೊದಲು ನಾಲ್ಕೈದು ಬೀಜ ಉದ್ದಕ್ಕೆ ಸೀಳಿ ನೋಡಿ. ಇದು ತುಂಬಾ ಮುಖ್ಯ. ಆ್ಯಶ್‌ನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಪರಾಗ ಗಾಳಿಯಲ್ಲಿ ಬರಬೇಕು. ಸುತ್ತ ಗಂಡು ಮರಗಳೆಲ್ಲ ಸತ್ತಿದ್ದರೆ ರೆಕ್ಕೆ ಚೆನ್ನಾಗಿ ಬೆಳೆದೂ ಒಳಗೆ ಜೊಳ್ಳಾಗಿರಬಹುದು. ಗಟ್ಟಿಯಾದ ಬಿಳೀ ತಿರುಳು ಕಂಡರೆ ಬೀಜ ಚೆನ್ನಾಗಿದೆ ಅಂತ ಲೆಕ್ಕ.

ಆಮೇಲೆ ಸುಲಭ. ಆಳವಾದ ಕುಂಡಕ್ಕೆ ಮರಳು, ಎಲೆಗೊಬ್ಬರ ಬೆರೆಸಿ ತುಂಬಿ. ಅರ್ಧ ಇಂಚು ಆಳಕ್ಕೆ ಬೀಜ ಹಾಕಿ, ಈಗಲೇ ಹೊರಗಿಟ್ಟುಬಿಡಿ. ಮೇಲೆ ತಂತಿ ಬಲೆ ಕಟ್ಟಿ, ಇಲ್ಲದಿದ್ದರೆ ಅಳಿಲು, ಇಲಿ ಬಿಡುವುದಿಲ್ಲ. ಹಿಮ ಬೀಳಲಿ, ಒಳಗೆ ತರಬೇಡಿ.

ಇನ್ನೊಂದು ಮಾತು, ಇದು ನಾನು ಅನುಭವಿಸಿದ್ದು. ಮೊದಲ ವಸಂತದಲ್ಲಿ ನನ್ನ ಕುಂಡದಲ್ಲಿ ಏನೂ ಬರಲಿಲ್ಲ. ಬೇಜಾರಾಗಿ ಮಣ್ಣನ್ನು ಗೊಬ್ಬರದ ಗುಂಡಿ ಪಕ್ಕ ಸುರಿದೆ. ಮರುವರ್ಷ ಮೇನಲ್ಲಿ ಅಲ್ಲೇ ಆರು ಸಸಿ ಎದ್ದವು! ಕೆಲವು ಬೀಜಕ್ಕೆ ಎರಡು ಚಳಿಗಾಲ ಬೇಕು. ಕುಂಡ ಒಣಗದಂತೆ ನೋಡಿಕೊಂಡು ಸುಮ್ನೆ ಕಾಯಿರಿ. ಮೊದಲ ಎಲೆಗಳು ಒಂಟಿಯಾಗಿರುತ್ತವೆ, ಆ್ಯಶ್‌ನ ಗರಿಯಂಥ ಎಲೆ ಆಮೇಲೆ ಬರುವುದು. ಕಳೆ ಅಂತ ಕಿತ್ತುಬಿಡಬೇಡಿ.

ಬೆಳಗಿನ ಬಸ್ಸು:
ಬೆಳೆಸಿದರೂ ಹುಳ ಮತ್ತೆ ಬರುತ್ತದಲ್ಲ? ಓಕ್ ಹಾಕುವುದು ವಾಸಿ ಅನ್ನಿಸುತ್ತದೆ.

ಹಿತ್ತಲ ತೋಟ:
ಓಕ್ ಕೂಡ ಹಾಕಲಿ, ಬೇಡ ಅನ್ನುವುದಿಲ್ಲ. ಈ ಹುಳ ಏಷ್ಯಾದಿಂದ ಬಂದದ್ದು. ಡೆಟ್ರಾಯಿಟ್ ಸುತ್ತ ಅದು ಪತ್ತೆಯಾದದ್ದು 2002ರಲ್ಲಿ. ಮರಿ ತೊಗಟೆಯ ಒಳಗೆ ಅಂಕುಡೊಂಕಾಗಿ ಕೊರೆದು ಮರದ ಆಹಾರದ ದಾರಿಯನ್ನೇ ಕಡಿಯುತ್ತದೆ. ಆದರೆ ಕಾಂಡ ಸುಮಾರು ಒಂದು ಇಂಚು ದಪ್ಪ ಆಗುವವರೆಗೆ ಸಸಿಯ ತಂಟೆಗೆ ಬರುವುದಿಲ್ಲ. ಅಷ್ಟರಲ್ಲಿ ಕೆಲವು ವರ್ಷ ಸಿಗುತ್ತದೆ. ಔಷಧಿ ಇಲ್ಲದೆ ಬದುಕಿ ಉಳಿದ ಮರಗಳನ್ನು ಹುಡುಕಿ, ಅವುಗಳಿಂದ ಹುಳ ತಡೆಯುವ ತಳಿ ಮಾಡುವ ಕೆಲಸ ಒಹಾಯೊದಲ್ಲಿ ನಡೆದಿದೆ.

ಅಕ್ಕನ ಮರ ಔಷಧಿಯಿಂದ ಉಳಿದದ್ದು. ಹಾಗಾಗಿ ಅದರ ಸಸಿಗಳಿಗೆ ಆ ಶಕ್ತಿ ಇದೆ ಅಂತ ಹೇಳುವುದಕ್ಕಾಗುವುದಿಲ್ಲ. ಆದರೂ ಬೆಳೆಸಬೇಕು. ಇಲ್ಲಿನ ಮಣ್ಣಿನ ಮರ ಅದು. ಒಂದೇ ಸಸಿ ನಂಬಬೇಡಿ, ಹತ್ತು ಮಾಡಿ.

ತುಂಗೆಯ ದಡ:
ಈಗಷ್ಟೇ ಹತ್ತು ಬೀಜ ಸೀಳಿದೆ. ಆರು ಜೊಳ್ಳು. ನಾಲ್ಕರಲ್ಲಿ ಬಿಳೀ ತಿರುಳಿದೆ! ಮಗ ಇನ್ನೂ ಒಂದು ಬುಟ್ಟಿ ಆರಿಸಿ ತಂದಿದ್ದಾನೆ. ಹೋದ ವರ್ಷದ ಕುಂಡ ಗ್ಯಾರೇಜಿನ ಹಿಂದೆ ಹಾಗೇ ಇದೆ, ಅದನ್ನೂ ಹೊರಗೇ ಇಡುತ್ತೇನೆ. ತಂತಿ ಬಲೆಯ ಕಣ್ಣು ಎಷ್ಟು ಸಣ್ಣದಿರಬೇಕು, ಹೇಳಿ.

ಹಿತ್ತಲ ತೋಟ:
ಕಾಲು ಇಂಚಿನದು ತನ್ನಿ. ಅದರೊಳಗೆ ಇಲಿ ನುಗ್ಗುವುದಿಲ್ಲ. ಸಸಿ ಎದ್ದ ತಕ್ಷಣ ಬಲೆ ಮೇಲಕ್ಕೆತ್ತಿ ಕಟ್ಟಿ.