ಹಾಸ್ಟೆಲ್‌ಗೆ ಕಳಿಸುವ ಮುಂಚೆ ಮಕ್ಕಳಿಗೆ ಏನೇನು ರೂಢಿ ಮಾಡಿಸಿದಿರಿ?

ಮಗಳಿಗೆ 17 ವರ್ಷ, ಸಾಗರದಲ್ಲಿ ಸೆಕೆಂಡ್ ಪಿಯು. ಮಾರ್ಕ್ಸ್ ಚೆನ್ನಾಗಿ ಬರುತ್ತದೆ. ಆದರೆ ಮೆಡಿಕಲ್ ಶಾಪಿಗೆ ಹೋಗಿ ಬಾ ಅಂದರೂ "ನೀನೂ ಬಾಮ್ಮ" ಅನ್ನುತ್ತಾಳೆ. ಮುಂದಿನ ವರ್ಷ ಮೈಸೂರೋ ಬೆಂಗಳೂರೋ, ಹಾಸ್ಟೆಲ್ ಅಂತೂ ಖಂಡಿತ. ಇವಳಿಗೆ ಧೈರ್ಯ ಬರಲು ಏನು ಮಾಡಬೇಕು? ಮಕ್ಕಳನ್ನು ಕಳಿಸಿದವರು ನಿಮ್ಮ ಅನುಭವ ಹೇಳಿ.

*

ನನಗೆ ಇಬ್ಬರು ಮಕ್ಕಳು. ದೊಡ್ಡವನ ವಿಷಯದಲ್ಲಿ ನಾವು ಎಡವಿದ್ದನ್ನೇ ಮೊದಲು ಹೇಳುತ್ತೇನೆ. "ನೀನು ಓದು, ಉಳಿದಿದ್ದು ನಾವು ನೋಡಿಕೊಳ್ಳುತ್ತೇವೆ" ಅಂತ ಎರಡು ವರ್ಷ ಅವನ ಕೈಲಿ ಒಂದು ಲೋಟ ತೊಳೆಸಲಿಲ್ಲ. ಸಿಇಟಿ ಅರ್ಜಿ ತುಂಬಿದ್ದು ಅವರಪ್ಪ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದೂ ಅವರದ್ದೇ. ಮೈಸೂರಿನಲ್ಲಿ ಸೀಟು ಸಿಕ್ಕಿತು. ಸೇರಿ ಒಂದು ತಿಂಗಳಿಗೆ ಜ್ವರ ಬಂತು. ಮೂರು ದಿನ ಮಾತ್ರೆ ನುಂಗಿ ರೂಮಿನಲ್ಲೇ ಮಲಗಿದ್ದ. ಆಸ್ಪತ್ರೆಗೆ ಯಾಕೋ ಹೋಗಲಿಲ್ಲ ಅಂದರೆ, "ಅಲ್ಲಿ ಹೋಗಿ ಮೊದಲು ಯಾರನ್ನು ಕೇಳಬೇಕು ಅಂತ ಗೊತ್ತಾಗಲಿಲ್ಲ" ಅಂದ. 18 ವರ್ಷದ ಹುಡುಗ! ಚೀಟಿ ಮಾಡಿಸಬೇಕು ಅನ್ನುವುದೇ ಗೊತ್ತಿರಲಿಲ್ಲ. ಯಾವಾಗಲೂ ಅವನನ್ನು ಕುರ್ಚಿಯಲ್ಲಿ ಕೂರಿಸಿ ಚೀಟಿಗೆ ನಿಲ್ಲುತ್ತಿದ್ದವಳು ನಾನೇ ಅಲ್ವಾ.

ಮಗಳ ಸರದಿ ಬಂದಾಗ ಬೇರೆ ಪಾಠವೇನೂ ಹುಡುಕಲಿಲ್ಲ. ಸಿಇಟಿ ಕಾಗದಪತ್ರವನ್ನೇ ಪೂರ್ತಿ ಅವಳಿಗೆ ಬಿಟ್ಟೆ. ಜಾತಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅವಳೇ ಹೋದಳು. ನಾನು ಹೊರಗೆ ಬೆಂಚಿನ ಮೇಲೆ. ಮೊದಲ ದಿನ ರೇಷನ್ ಕಾರ್ಡ್ ಜೆರಾಕ್ಸ್ ಮರೆತು ವಾಪಸ್ ಬಂದಳು, ಕಣ್ಣಲ್ಲಿ ನೀರು. ಮನೆಗೆ ಹೋಗೋಣ, ನಾಳೆ ಬಾ ಅಂದೆ. ನಿಜ ಹೇಳಬೇಕೆಂದರೆ ಎದ್ದು ಒಳಗೆ ಹೋಗದಂತೆ ನನ್ನನ್ನು ಹಿಡಿದುಕೊಳ್ಳುವುದೇ ಕಷ್ಟವಾಗಿತ್ತು.

ಒಂದರಿಂದ ಹತ್ತು ಹಳ್ಳಿ ಶಾಲೆಯಲ್ಲಿ, ಕನ್ನಡದಲ್ಲೇ ಓದಿದವಳು. ಹಾಗಾಗಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಎರಡೂ ಕೇಳಬಹುದಿತ್ತು. ಅದಕ್ಕೆ ಹಳೆಯ ಹೆಡ್ ಮೇಷ್ಟರ ಸಹಿ, ಮೇಲೆ ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಸಹಿ ಬೇಕು. ಮೇಷ್ಟರಿಗೆ ಫೋನ್ ಮಾಡುವ ಮುಂಚೆ "ನಮಸ್ಕಾರ ಸರ್, ನಾನು 10ನೇ ಕ್ಲಾಸಿನಲ್ಲಿ..." ಅಂತ ಪೂರ್ತಿ ಕಾಗದದಲ್ಲಿ ಬರೆದುಕೊಂಡಳು. ನಗು ಬಂತು, ನಗಲಿಲ್ಲ. ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ ಇರುವುದನ್ನು ಕಂಡುಹಿಡಿದಿದ್ದೂ ಅವಳೇ. ನಾವು 17 ವರ್ಷದಿಂದ ನೋಡಿರಲಿಲ್ಲ!

ಮೊದಲ ಸುತ್ತಿನಲ್ಲಿ ಸೀಟು ಬಂದಾಗ ಚಾಯ್ಸ್ 1 ಒತ್ತಬೇಕೋ 2 ಒತ್ತಬೇಕೋ ಅಂತ ಮನೆಯಲ್ಲಿ ಜಗಳ. 1 ಅಂದರೆ ಇದೇ ಸೀಟು ಸಾಕು ಅಂತ. 2 ಒತ್ತಿದರೆ ಕೈಯಲ್ಲಿರುವ ಸೀಟು ಇರುತ್ತದೆ. ಆದರೆ ಪಟ್ಟಿಯಲ್ಲಿ ಮೇಲೆ ಬರೆದ ಕಾಲೇಜು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಹಳೆಯದು ತಾನಾಗಿಯೇ ಹೋಗುತ್ತದೆ. ಇದನ್ನು ಅಪ್ಪನಿಗೆ ಬಿಡಿಸಿ ಹೇಳಿದವಳು ಅವಳು. ಒತ್ತಿದ್ದೂ ಅವಳೇ.

ಅಡುಗೆ, ಬಟ್ಟೆ ಒಗೆಯುವುದಕ್ಕೆಲ್ಲ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹಾಸ್ಟೆಲ್‌ನಲ್ಲಿ ಒಂದು ವಾರ ಸಾಕು.

*

ಹುಬ್ಬಳ್ಳಿಯಿಂದ ಒಬ್ಬ ಅಪ್ಪ. ನಮ್ಮ ಮಗಳನ್ನು ದಸರಾ ರಜೆಯಲ್ಲಿ ಒಬ್ಬಳೇ ಮುಂಡರಗಿಗೆ, ಅಜ್ಜಿ ಮನೆಗೆ ಕಳಿಸಿದೆವು. ಗದಗದಲ್ಲಿ ಬಸ್ ಬದಲಿಸಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಟಿಕೆಟ್ ಚಿಂತೆ ಇಲ್ಲ, ಆಧಾರ್ ತೋರಿಸಿದರೆ ಆಯಿತು. ಚಿಂತೆ ಇದ್ದಿದ್ದು ನನಗೆ. 11 ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸಂಜೆ ಅವಳೇ ಮಾಡಿದಳು: "ಅಪ್ಪಾ, ಫೋನ್ ಬ್ಯಾಗಿನ್ಯಾಗಿತ್ತು. ನಾ ಅಜ್ಜಿ ಮನಿಯಾಗ ಉಂಡು ಕುಂತೀನಿ." ಮಗಳಿಗಿಂತ ಮೊದಲು ನೀವು ರೂಢಿ ಮಾಡಿಕೊಳ್ಳಿ, ಅಷ್ಟೇ.

*

ನಾನು ಅಮ್ಮ ಅಲ್ಲ, ಹಾಸ್ಟೆಲ್‌ನಲ್ಲಿರುವ ಹುಡುಗಿ. ಡಿಗ್ರಿ ಎರಡನೇ ವರ್ಷ. ನಾನೂ ಹೀಗೇ ಇದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಮನೆಯವಳನ್ನು ನೋಡಿ ಕಲಿ ಅಂತ ದಯವಿಟ್ಟು ಹೇಳಬೇಡಿ ಆಂಟಿ. ಇನ್ನೊಂದು ವಿಷಯ. ಮದುವೆಮನೆಯಲ್ಲಿ ಯಾರಾದರೂ "ಏನು ಓದ್ತಿದ್ದೀಯಮ್ಮ" ಅಂತ ನನ್ನನ್ನು ಕೇಳಿದರೆ ಉತ್ತರ ನಮ್ಮಮ್ಮ ಹೇಳುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು. ಎಲ್ಲರೂ ನನ್ನನ್ನು ಮೂಗಿ ಅಂದುಕೊಂಡರು, ಆಮೇಲೆ ನಾನೂ ಹಾಗೇ ಅಂದುಕೊಂಡೆ. ಹಾಸ್ಟೆಲ್‌ಗೆ ಬಂದ ಮೇಲೆ ಗೊತ್ತಾಯಿತು, ನನಗೆ ಮಾತು ಚೆನ್ನಾಗಿಯೇ ಬರುತ್ತದೆ.

*

ಪ್ರಶ್ನೆ ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಈ ಹುಡುಗಿಯ ಮಾತು ಓದಿ ಸುಮ್ನೆ ಕೂತುಬಿಟ್ಟೆ. ಮೊನ್ನೆ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿದ್ದೆವು. ಯಾವ ಹಲ್ಲು ನೋಯುತ್ತದಮ್ಮ ಅಂತ ಅವರು ಅವಳನ್ನು ಕೇಳಿದರು. ಹೇಳಿದ್ದು ನಾನು.