ಟ್ರ್ಯಾಂಪಲ್ ಜೊತೆ ಡೆತ್‌ಟಚ್ ಇದ್ದರೆ ಬ್ಲಾಕರ್‌ಗೆ ಎಷ್ಟು ಡ್ಯಾಮೇಜ್ ಕೊಡಬೇಕು?

ಹಸಿರುಡೆಕ್:
ಎಲ್ಲರಿಗೂ ನಮಸ್ಕಾರ. ಮ್ಯಾಜಿಕ್: ದ ಗ್ಯಾದರಿಂಗ್ ಕಾರ್ಡ್ ಆಟ ಆಡೋಕೆ ಈಗಷ್ಟೇ ಶುರು ಮಾಡಿದೀನಿ. ನನ್ನ ಕೊಲಾಸಲ್ ಡ್ರೆಡ್‌ಮಾ ಕ್ರೀಚರ್ (6/6, ಅಂದ್ರೆ ಹೊಡೆತ 6, ತಾಳಿಕೊಳ್ಳೋ ಶಕ್ತಿ ಅಥವಾ ಟಫ್‌ನೆಸ್ 6; ಜೊತೆಗೆ ಟ್ರ್ಯಾಂಪಲ್, ಅಂದ್ರೆ ಅಡ್ಡ ನಿಂತ ಬ್ಲಾಕರ್‌ಗೆ ಕೊಟ್ಟು ಮಿಕ್ಕ ಡ್ಯಾಮೇಜ್ ಆಟಗಾರನಿಗೆ ದಾಟುತ್ತೆ) ಮೇಲೆ ಬ್ಯಾಸಿಲಿಸ್ಕ್ ಕಾಲರ್ ಇತ್ತು, ಅಂದ್ರೆ ಡೆತ್‌ಟಚ್ (ಸ್ವಲ್ಪ ಡ್ಯಾಮೇಜ್ ತಾಗಿದರೂ ಎದುರಿನ ಕ್ರೀಚರ್ ಸಾಯುತ್ತೆ), ಲೈಫ್‌ಲಿಂಕ್ (ಕೊಟ್ಟ ಡ್ಯಾಮೇಜ್‌ನಷ್ಟು ಲೈಫ್ ನನಗೆ) ಎರಡೂ ಬಂತು. ಅಟ್ಯಾಕ್ ಮಾಡಿದೆ. ಗೆಳೆಯ ಸೆರಾ ಏಂಜೆಲ್ (4/4) ಅಡ್ಡ ಹಾಕಿದ. ಅವನ ಲೈಫ್ 5 ಉಳಿದಿತ್ತು. ಏಂಜೆಲ್‌ಗೆ 1, ನಿನಗೆ 5, ಆಟ ಮುಗೀತು ಅಂದೆ. ಅವನು ಒಪ್ಪಲಿಲ್ಲ: "ಏಂಜೆಲ್ ಟಫ್‌ನೆಸ್ 4. ಅದಕ್ಕೆ ಪೂರ್ತಿ 4 ಕೊಟ್ಟು ಉಳಿದ 2 ಮಾತ್ರ ನನಗೆ." ಯಾರದು ಸರಿ?

ಸ್ಟ್ಯಾಕ್‌ಮೇಲೆ:
ನಿಮ್ಮದೇ ಸರಿ. ಗೆದ್ದಿದ್ದು ನೀವು, ಜೊತೆಗೆ ಲೈಫ್‌ಲಿಂಕ್‌ನಿಂದ 6 ಲೈಫ್ ಕೂಡ ನಿಮಗೆ.

ಗೆಳೆಯರಿಗೆ ಹೀಗೆ ಹೇಳಿ. ಬ್ಲಾಕರ್‌ನ ಟಫ್‌ನೆಸ್‌ನಷ್ಟು ಕೊಡಿ ಅಂತ ಟ್ರ್ಯಾಂಪಲ್ ಕೇಳೋದೇ ಇಲ್ಲ. ಅಡ್ಡ ನಿಂತ ಪ್ರತಿ ಬ್ಲಾಕರ್‌ಗೂ 'ಲೀಥಲ್ ಡ್ಯಾಮೇಜ್' (ಕೊಲ್ಲೋಕೆ ಸಾಕಾಗುವಷ್ಟು) ಹಂಚಿ, ಮಿಕ್ಕಿದ್ದನ್ನ ಆಟಗಾರನಿಗೆ ಕೊಡಬಹುದು ಅನ್ನುತ್ತೆ, ಅಷ್ಟೇ. ಲೀಥಲ್ ಎಷ್ಟು ಅನ್ನೋದನ್ನ ಡೆತ್‌ಟಚ್ ಬದಲಾಯಿಸುತ್ತೆ. ನಿಯಮಪುಸ್ತಕದ 702.2ರಲ್ಲೇ ಇದೆ: ಡೆತ್‌ಟಚ್ ಇರುವ ಕ್ರೀಚರ್ ಹಂಚುವ ಡ್ಯಾಮೇಜ್ ಸೊನ್ನೆಗಿಂತ ಹೆಚ್ಚಿದ್ದರೆ ಸಾಕು, ಎದುರಿನದರ ಟಫ್‌ನೆಸ್ ಎಷ್ಟೇ ಇರಲಿ, ಅದು ಲೀಥಲ್ ಅಂತಲೇ ಲೆಕ್ಕ. ಹಾಗಾಗಿ ಇಬ್ಬರು ಬ್ಲಾಕ್ ಮಾಡಿದ್ದರೂ ತಲಾ 1 ಕೊಟ್ಟು 4 ದಾಟಿಸಬಹುದಿತ್ತು.

ಡೆತ್‌ಟಚ್ ಇಲ್ಲದೆ ಬರೀ ಟ್ರ್ಯಾಂಪಲ್ ಇದ್ದಿದ್ದರೆ ಗೆಳೆಯರ 4 ಮತ್ತು 2ರ ಲೆಕ್ಕ ಸರಿ. ಆಗಲೂ ಏಂಜೆಲ್ ಅದೇ ಟರ್ನ್‌ನಲ್ಲಿ ಮೊದಲೇ 2 ಡ್ಯಾಮೇಜ್ ತಿಂದಿದ್ದರೆ ಇನ್ನು 2 ಕೊಟ್ಟರೆ ಸಾಕು.

ಮೂರನೇಭೂಮಿ:
ಒಂದು ಅನುಮಾನ. ಬ್ಲಾಕರ್ ಇನ್‌ಡಿಸ್ಟ್ರಕ್ಟಬಲ್ ಆದ್ರೆ? ಅದು ಸಾಯೋದೇ ಇಲ್ವಲ್ಲ. ಪ್ರೊಟೆಕ್ಷನ್ ಇದ್ರೆ?

ಸ್ಟ್ಯಾಕ್‌ಮೇಲೆ:
ಬಹಳ ಜನ ಎಡವೋದು ಇಲ್ಲೇ. ಹಂಚುವಾಗ ಅದು ನಿಜವಾಗಿ ಸಾಯುತ್ತಾ ಅಂತ ನೋಡಬೇಡಿ, ಸಂಖ್ಯೆ ಮಾತ್ರ ನೋಡಿ. ಇನ್‌ಡಿಸ್ಟ್ರಕ್ಟಬಲ್ ಆಗಿದ್ದರೂ ಡೆತ್‌ಟಚ್‌ನಿಂದ 1 ಕೊಟ್ಟರೆ ಲೆಕ್ಕ ಚುಕ್ತಾ.

ಪ್ರೊಟೆಕ್ಷನ್‌ಗೆ ಮಿರ್ರನ್ ಕ್ರುಸೇಡರ್ ತಗೊಳ್ಳಿ: 2/2, ಹಸಿರಿನಿಂದ ಪ್ರೊಟೆಕ್ಷನ್ ಇದೆ. ಹಸಿರು ಡ್ರೆಡ್‌ಮಾ ಕೊಡೋ ಡ್ಯಾಮೇಜ್ ಅದಕ್ಕೆ ತಾಗಲ್ಲ. ಆದರೂ 2 ಅದರ ಪಾಲಿಗೆ ಎತ್ತಿಡಲೇಬೇಕು, 4 ದಾಟುತ್ತೆ. ಕಾಲರ್ ಇದ್ದರೆ 1 ಎತ್ತಿಟ್ಟು 5 ದಾಟಿಸಬಹುದು.

ಹಸಿರುಡೆಕ್:
ತುಂಬಾ ಥ್ಯಾಂಕ್ಸ್ ಸರ್. ಅವನು ಹಳೇ ವಿಡಿಯೋ ಒಂದನ್ನ ತೋರಿಸಿ, ಬ್ಲಾಕರ್‌ಗಳನ್ನ ಮೊದಲೇ ಸಾಲಾಗಿ ಇಡಬೇಕು ಅಂತಾನೂ ಹೇಳ್ತಿದ್ದ. ಅದು ಹೇಗೆ? ಇನ್ನೊಂದು: ಅವನ ಕೈಯಲ್ಲಿ ಡಿಸೆನ್‌ಚಾಂಟ್ (ಕಾಲರ್‌ನಂಥದ್ದನ್ನ ಒಡೆಯೋ ಸ್ಪೆಲ್) ಇತ್ತಂತೆ. ಹಾಕಿದ್ರೆ ಉಳೀತಿದ್ನಾ?

ಸ್ಟ್ಯಾಕ್‌ಮೇಲೆ:
ಸಾಲಿನ ನಿಯಮ 2009ರಲ್ಲಿ ಬಂದಿದ್ದು. 2024ರ ನವೆಂಬರ್‌ನಲ್ಲಿ ಫೌಂಡೇಶನ್ಸ್ ಕಾರ್ಡ್ ಸೆಟ್ ಬಂದಾಗ ತೆಗೆದುಹಾಕಿದರು. ಆ ವಿಡಿಯೋ ಅದಕ್ಕಿಂತ ಹಳೇದಿರಬೇಕು. ಈಗ ಡ್ಯಾಮೇಜ್ ಹಂಚುವ ಹೊತ್ತಿಗೆ ನಿಮಗೆ ಬೇಕಾದಂತೆ ಹಂಚಿ. ಆಟಗಾರನಿಗೆ ದಾಟಿಸೋದಾದರೆ ಮಾತ್ರ ಎಲ್ಲ ಬ್ಲಾಕರ್‌ಗಳಿಗೂ ಲೀಥಲ್ ಸಲ್ಲಬೇಕು.

ಡಿಸೆನ್‌ಚಾಂಟ್‌ನಿಂದ ಅವರು ಖಂಡಿತ ಉಳೀತಿದ್ದರು. ಬ್ಲಾಕ್ ಹೇಳಿದ ಮೇಲೆ, ಡ್ಯಾಮೇಜ್‌ಗೆ ಮುಂಚೆ ಅದನ್ನ ಹಾಕಿ ಕಾಲರ್ ಒಡೆದಿದ್ದರೆ ನಿಮ್ಮ ಡೆತ್‌ಟಚ್ ಹೋಯ್ತು. ಏಂಜೆಲ್‌ಗೆ 4, ಅವರಿಗೆ 2, ಅವರ ಲೈಫ್ 3, ನಿಮಗೆ ಲೈಫ್‌ಲಿಂಕ್ ಕೂಡ ಇಲ್ಲ. ಆದರೆ ನೀವು "ಏಂಜೆಲ್‌ಗೆ 1, ನಿನಗೆ 5" ಅಂತ ಹಂಚೋಕೆ ಶುರು ಮಾಡಿದ ಮೇಲೆ ಹಾಕೋಕೆ ಬರಲ್ಲ. ಹಂಚಿದ ಡ್ಯಾಮೇಜ್ ಅಲ್ಲೇ ಬಿದ್ದುಬಿಡುತ್ತೆ, ನಡುವೆ ಯಾರಿಗೂ ಸ್ಪೆಲ್ ಹಾಕೋ ಅವಕಾಶ ಸಿಗಲ್ಲ. ಅದಕ್ಕೇ ಇನ್ನು ಮುಂದೆ ಹಂಚೋ ಮುಂಚೆ "ಬ್ಲಾಕ್ ಆದ್ಮೇಲೆ ಏನಾದ್ರೂ ಹಾಕ್ತೀಯಾ?" ಅಂತ ಒಂದು ಸಲ ಕೇಳಿಬಿಡಿ.